ಮಗಳ ಅಡ್ಮಿಶನ್ ಎಸ್ಸೇಯಲ್ಲಿ ನಮ್ಮ ಮನೇಲಿ ನಡೆಯದ ಆನೆ ದಾಳಿ. ಏನು ಮಾಡೋದು?

ಸಕಲೇಶಪುರದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಸೆಕೆಂಡ್ ಪಿಯುಸಿ ಓದ್ತಿದ್ದಾಳೆ. ಅಮೆರಿಕಕ್ಕೆ ಹೋಗಿ ಪರಿಸರ ವಿಜ್ಞಾನ ಓದಬೇಕು ಅನ್ನೋದು ಅವಳದೇ ಆಸೆ, ನಾವು ಹೇರಿದ್ದಲ್ಲ. ನಮ್ಮ ನೆಂಟರಿಷ್ಟರಲ್ಲಿ ಸಿಇಟಿ, ನೀಟ್ ಬಿಟ್ಟು ಬೇರೆ ದಾರಿ ಹಿಡಿದವರು ಯಾರೂ ಇಲ್ಲ. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ, ರ‍್ಯಾಂಕ್ ಬಂದ ಹಾಗೆ ಇಂಜಿನಿಯರಿಂಗ್ ಸೀಟು. ಅಲ್ಲಿ ನೀನು ಯಾರಮ್ಮ ಅಂತ ಯಾರೂ ಕೇಳೋದಿಲ್ಲ. ಇಲ್ಲಿ ನೋಡಿದ್ರೆ ಕಾಮನ್ ಆ್ಯಪ್‌ನಲ್ಲಿ (ಅಮೆರಿಕದ ಬಹಳಷ್ಟು ಕಾಲೇಜುಗಳಿಗೆ ಒಂದೇ ಕಡೆ ಹಾಕೋ ಆನ್‌ಲೈನ್ ಅರ್ಜಿ) 650 ಪದದೊಳಗೆ ನಿನ್ನ ಬಗ್ಗೆ ಬರಿ ಅಂತಾರೆ.

ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಅಡ್ವಾನ್ಸ್ ಕೊಟ್ಟಿದ್ವಿ. ಅವರು ಝೂಮ್‌ನಲ್ಲಿ ಮಗಳ ಹತ್ರ ಮಾತಾಡಿ, ಒಂದು ಎಸ್ಸೇ ಬರೆದು ಕಳಿಸಿದ್ರು. ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಜ್ಜನ ಮೇಲೆ ಕಾಡಾನೆ ದಾಳಿ ಮಾಡಿತಂತೆ, ಇವಳು ಬ್ಯಾಟರಿ ಹಿಡಿದು ಕತ್ತಲಲ್ಲಿ ಓಡಿದಳಂತೆ, ಅಜ್ಜನ ತಲೆ ತೊಡೆ ಮೇಲಿಟ್ಟುಕೊಂಡು ಪರಿಸರ ವಿಜ್ಞಾನಿ ಆಗ್ತೀನಿ ಅಂತ ಮಾತು ಕೊಟ್ಟಳಂತೆ. ನಮ್ಮ ಮಾವನವರು ದೇವರ ದಯೆಯಿಂದ ಗಟ್ಟಿಮುಟ್ಟಾಗಿದ್ದಾರೆ. ಆನೆ ನಮ್ಮ ತೋಟಕ್ಕೂ ಬರುತ್ತೆ, ಬೈನೆ ಮರ ಸೀಳುತ್ತೆ, ಬಾಳೆ ತುಳಿಯುತ್ತೆ, ಅದೆಲ್ಲ ನಿಜ. ಆದ್ರೆ ಆನೆ ತುಳಿದು ಜೀವ ಹೋಗಿದ್ದು ನಮಗೆ ಗೊತ್ತಿರೋ ಬೇರೊಂದು ಮನೇಲಿ. ತೋಟದ ಕೆಲಸಕ್ಕೆ ಬರ್ತಿದ್ದವರು. ಅವರ ಸಾವನ್ನ ನನ್ನ ಮಗಳ ಸೀಟಿಗೆ ಬಳಸೋದಾ?

ಕೇಳಿದ್ದಕ್ಕೆ "ಮೇಡಂ, ನಿಮ್ಮ ಏರಿಯಾಗೆ ಆನೆ ಸ್ಟೋರಿನೇ ವರ್ಕ್ ಆಗೋದು" ಅಂದ್ರು. ಎಲ್ಲರೂ ಹೀಗೇ ಮಾಡ್ತಾರಾ? ಅಲ್ಲಿ ಓದೋರಿಗೆ ನಿಜವಾಗಿ ಏನು ಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಬೇಲೂರು ರಸ್ತೆ

ಮೇಡಂ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದ್ರೂ ಇನ್ನೊಂದು ಮಗ್ಗುಲು ನೋಡಿ. ಬೆಂಗಳೂರಿನ ಇಂಟರ್‌ನ್ಯಾಷನಲ್ ಸ್ಕೂಲುಗಳಲ್ಲಿ ಮಕ್ಕಳಿಗೆ ಒಂಬತ್ತನೇ ಕ್ಲಾಸಿನಿಂದಲೇ ಕೌನ್ಸೆಲರ್ ಇರ್ತಾರೆ. ಬೇಸಿಗೆ ರಜೆಗೆ ಇಂಟರ್ನ್‌ಶಿಪ್, ಅಪ್ಪನ ಸ್ನೇಹಿತರ ಎನ್‌ಜಿಒದಲ್ಲಿ ಸರ್ಟಿಫಿಕೇಟ್, ಎಸ್ಸೇ ತಿದ್ದೋಕೆ ಒಬ್ಬರು. ನಮ್ಮ ಮಕ್ಕಳು ಬೆಳಿಗ್ಗೆ ಬಸ್ಸು ಹಿಡಿದು ಕಾಲೇಜು, ಸಂಜೆ ಟ್ಯೂಶನ್. ಬರೆಯೋಕೆ ಏನಿದೆ ಅವರ ಹತ್ರ? ಕನ್ಸಲ್ಟೆನ್ಸಿಯವರು ಮಾಡಿದ್ದು ತಪ್ಪೇ ಇರಬಹುದು, ಆದ್ರೆ ಆಟದ ಅಂಗಳವೇ ಓರೆ ಇರುವಾಗ ನಮ್ಮ ಮಕ್ಕಳಿಗೆ ಮಾತ್ರ ಸತ್ಯಹರಿಶ್ಚಂದ್ರ ಆಗು ಅನ್ನೋದು ನ್ಯಾಯವಾ?

ಕೊಪ್ಪದ ಹುಡುಗ

ಅಕ್ಕಾ, ಆ ಎಸ್ಸೇ ಕಳಿಸಬೇಡಿ. ನಾನೀಗ ಅಮೆರಿಕದಲ್ಲಿ ಎರಡನೇ ವರ್ಷ ಓದ್ತಿದ್ದೀನಿ, ಕೊಪ್ಪದ ಹತ್ರದ ಹಳ್ಳಿಯಿಂದ ಬಂದವನು. ಧರ್ಮದ ಮಾತು ಆಮೇಲೆ, ಮೊದಲು ವ್ಯವಹಾರದ ಮಾತು ಹೇಳ್ತೀನಿ. ಕಾಮನ್ ಆ್ಯಪ್ ಸಲ್ಲಿಸುವಾಗ ಕೊನೆಗೆ ಇದು ನನ್ನದೇ ಬರವಣಿಗೆ, ಇದರಲ್ಲಿರೋದು ಸತ್ಯ ಅಂತ ಮಗಳೇ ಸಹಿ ಹಾಕಬೇಕು. ಸುಳ್ಳು ಅಂತ ಆಮೇಲೆ ಗೊತ್ತಾದ್ರೆ ಕೊಟ್ಟ ಸೀಟನ್ನೂ ವಾಪಸ್ ತಗೋಬಹುದು. ಕೆಲವು ಕಾಲೇಜುಗಳು ಇಂಟರ್‌ವ್ಯೂ ಮಾಡ್ತವೆ. ಅಜ್ಜ ಈಗ ಹೇಗಿದ್ದಾರೆ ಅಂತ ಅವರು ಕಾಳಜಿಯಿಂದ ಕೇಳಿದ್ರೆ ಆ ಮಗು ಏನು ಹೇಳಬೇಕು ಹೇಳಿ.

ಬೇಲೂರು ರಸ್ತೆ ಅವರೇ, ನೀವು ಹೇಳಿದ ಅಸಮಾನತೆ ಖಂಡಿತ ಇದೆ ಮಾರಾಯ್ರೇ. ಆದ್ರೆ ಬರೆಯೋಕೆ ಏನಿದೆ ಅನ್ನೋದನ್ನ ನಾನು ಒಪ್ಪೋದಿಲ್ಲ. ಅರ್ಜಿಯಲ್ಲಿ ಹತ್ತು ಚಟುವಟಿಕೆ ಹಾಕೋಕೆ ಜಾಗ ಇದೆ, ಒಂದೊಂದರ ವಿವರಣೆಗೆ 150 ಅಕ್ಷರ. ಅಲ್ಲಿರೋ ಪಟ್ಟಿಯಲ್ಲಿ ಮನೆ ಜವಾಬ್ದಾರಿ ಅನ್ನೋದೇ ಒಂದು ವಿಭಾಗ. ಕೂಲಿ ಕೆಲಸಕ್ಕೂ ವಿಭಾಗ ಇದೆ. ತಂಗಿಯನ್ನ ಶಾಲೆಗೆ ಬಿಡೋದು, ಕೊಯ್ಲಿನ ಹೊತ್ತಲ್ಲಿ ಆಳುಗಳ ಲೆಕ್ಕ ಬರೆಯೋದು, ಹಾಲು ಡೇರಿಗೆ ಹಾಕೋದು, ಎಲ್ಲ ಬರುತ್ತೆ. ನಮ್ಮ ಮಕ್ಕಳು ಇದನ್ನ ಸಾಧನೆ ಅಂತ ಅಂದ್ಕೊಂಡಿಲ್ಲ, ಅದಕ್ಕೇ ಖಾಲಿ ಬಿಡ್ತಾರೆ.

ನನ್ನ ಎಸ್ಸೇ ಅಡಿಕೆ ಸುಲಿಯೋ ರಾತ್ರಿಗಳ ಬಗ್ಗೆ ಇತ್ತು. ಸುಲಿಯೋಕೆ ಬರೋ ಹೆಂಗಸರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಡಬ್ಬ ಮಟ್ಟವಾಗಿ ತುಂಬಬೇಕೋ, ಗೋಪುರ ಮಾಡಿ ತುಂಬಬೇಕೋ ಅಂತ ಪ್ರತಿ ಸಲ ಜಗಳ. ಲೆಕ್ಕದ ಪುಸ್ತಕ ನನ್ನ ಕೈಲಿತ್ತು. ತೂಕಕ್ಕೆ ಬದಲಾಯಿಸೋಣ ಅಂತ ನಾನು ಅಪ್ಪನ ಹತ್ರ ಯಾಕೆ ವಾದ ಮಾಡಿದೆ, ಅಪ್ಪ ಯಾಕೆ ಒಪ್ಪಲಿಲ್ಲ, ಆ ಹೆಂಗಸರೇ ಯಾಕೆ ಡಬ್ಬವೇ ಇರಲಿ ಅಂದ್ರು, ಇಷ್ಟೇ ವಿಷಯ. ಪ್ರಶಸ್ತಿ ಇಲ್ಲ, ಕಣ್ಣೀರಿಲ್ಲ. ನಾನು ಅರ್ಥಶಾಸ್ತ್ರ ಯಾಕೆ ಓದಬೇಕು ಅಂತ ಅದರಲ್ಲಿ ಬೇರೆಯಾಗಿ ಹೇಳೋ ಅಗತ್ಯವೇ ಬೀಳಲಿಲ್ಲ.

ಕಾಮನ್ ಆ್ಯಪ್‌ನಲ್ಲಿ ಏಳು ವಿಷಯ ಕೊಟ್ಟಿರ್ತಾರೆ, ಏಳನೇದು ನಿಮ್ಮ ಇಷ್ಟದ ವಿಷಯ. ಯಾವುದಾದ್ರೂ ಒಂದಕ್ಕೆ ಬರೆದರೆ ಸಾಕು. ವಿಷಯ ನೋಡಿ ಬರೆಯೋಕಿಂತ ಮೊದಲು ಬರೆದು ಆಮೇಲೆ ಯಾವುದಕ್ಕೆ ಹೊಂದುತ್ತೆ ನೋಡೋದು ಸುಲಭ.

ಹಾಸನದ ಇಂಗ್ಲಿಷ್ ಮೇಷ್ಟ್ರು

ಪಿಯು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಈಚೆಗೆ ಈ ತರಹದ ಪ್ರಬಂಧಗಳನ್ನು ಹಿಡಿದು ಮನೆಗೆ ಬರುವ ಮಕ್ಕಳು ಹೆಚ್ಚಾಗಿದ್ದಾರೆ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ನಾವು ಮಕ್ಕಳಿಗೆ ಪ್ರಬಂಧ ಎಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಕಲಿಸಿದ್ದೇವೆ. ಪರಿಸರ ಮಾಲಿನ್ಯ, ರಾಷ್ಟ್ರೀಯ ಹಬ್ಬಗಳು, ಗ್ರಂಥಾಲಯಗಳ ಮಹತ್ವ. ಅದರಲ್ಲಿ ಬರೆಯುವವನು ಎಲ್ಲೂ ಇರಬಾರದು. ಮನೆಯಲ್ಲೂ ಅಷ್ಟೆ, ನಾಲ್ಕು ಜನರೆದುರು ನಿನ್ನ ಬಗ್ಗೆ ನೀನೇ ಹೇಳಿಕೊಳ್ಳಬೇಡ ಎಂದೇ ಬೆಳೆಸುತ್ತೇವೆ. ಅಂಥ ಮಗುವಿಗೆ ಹದಿನೇಳನೇ ವಯಸ್ಸಿಗೆ ಏಕಾಏಕಿ "ನಿನ್ನ ಬಗ್ಗೆ ಬರಿ" ಎಂದರೆ ಅದು ಎರಡರಲ್ಲಿ ಒಂದು ಮಾಡುತ್ತದೆ. ಒಂದೋ ಸರ್ಟಿಫಿಕೇಟುಗಳ ಪಟ್ಟಿ ಕೊಡುತ್ತದೆ, ಇಲ್ಲವೇ ಭಾಷಣ ಬರೆಯುತ್ತದೆ.

ಹಾಸನದ ಮಕ್ಕಳು ಬರೆದು ತರುವ ಭಾಷಣ ಯಾವುದು ಗೊತ್ತೆ? ಸಾಲಗಾಮೆ ರಸ್ತೆಯ ಎಂಸಿಎಫ್. 1982ರಿಂದ ಇಸ್ರೋದ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ನಮ್ಮೂರಲ್ಲಿದೆ ಎನ್ನುವುದು ದೊಡ್ಡ ಹೆಮ್ಮೆಯೇ. "ಆ ಬೃಹತ್ ಆ್ಯಂಟೆನಾಗಳನ್ನು ಕಂಡ ದಿನ ನನ್ನಲ್ಲಿ ವಿಜ್ಞಾನದ ಕಿಡಿ ಹೊತ್ತಿತು" ಎಂದು ಬರೆದು ತರುತ್ತಾರೆ. ಆ ಆ್ಯಂಟೆನಾ ಯಾವ ದಿಕ್ಕಿಗೆ ಮುಖ ಮಾಡಿತ್ತು, ಯಾಕೆ ಎಂದು ಕೇಳುತ್ತೇನೆ. ಉತ್ತರವಿಲ್ಲ. ಕಿಡಿ ಹೊತ್ತಿದ್ದರೆ ಆ ಪ್ರಶ್ನೆ ಅವನಿಗೇ ಹುಟ್ಟುತ್ತಿತ್ತು. ಇನ್ನೊಂದು ಬೇಲೂರು, ಹಳೇಬೀಡು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಗೈಡುಗಳು ಹೇಳುವುದನ್ನೇ ಇಂಗ್ಲಿಷಿನಲ್ಲಿ ಬರೆದು ತರುತ್ತಾರೆ. ಆದರೆ ಒಬ್ಬ ಹುಡುಗ ಮಾತ್ರ ಹಳೇಬೀಡಿನ ದೇವಸ್ಥಾನ ನಿಂತಿರುವ ಕಟ್ಟೆಯ, ಅಂದರೆ ಜಗತಿಯ, ನಕ್ಷತ್ರದಾಕಾರದ ಮೂಲೆಗಳನ್ನು ಕೋನಮಾಪಕ ಹಿಡಿದು ಅಳೆಯಲು ಹೋಗಿ, ತನ್ನ ಲೆಕ್ಕ ಕೂಡಿಬರದೆ, ಹಗ್ಗ ಮತ್ತು ಗೂಟದಿಂದ ಅಂಗಳದಲ್ಲಿ ಅದೇ ಆಕಾರವನ್ನು ಬರೆಯಲು ಹೊರಟದ್ದನ್ನು ಬರೆದಿದ್ದ. ಅದು ಪ್ರಬಂಧ. ಅದೇ ದೇವಸ್ಥಾನ, ಆದರೆ ಅಲ್ಲಿ ಒಬ್ಬ ಹುಡುಗನಿದ್ದ.

ನಾನು ಮಕ್ಕಳಿಗೆ ಮೊದಲು ಸಾಧನೆ ಕೇಳುವುದಿಲ್ಲ. ಯಾರೂ ಹೇಳದಿದ್ದರೂ ನೀನೇ ಎದ್ದು ಮಾಡುವ ಕೆಲಸ ಯಾವುದು? ಮನೆಯಲ್ಲಿ ಯಾವ ವಿಷಯಕ್ಕೆ ನಿನ್ನನ್ನೇ ಕೇಳುತ್ತಾರೆ? ಯಾರ ಜೊತೆ ಯಾವುದಕ್ಕೆ ವಾದ ಮಾಡಿ ಕೊನೆಗೆ ನಿನ್ನ ಅಭಿಪ್ರಾಯ ಬದಲಾಯಿತು? ಉತ್ತರವನ್ನು ಕನ್ನಡದಲ್ಲೇ, ಆಡುಮಾತಿನಲ್ಲೇ ಬರೆದು ತಾ ಎನ್ನುತ್ತೇನೆ. ಇಂಗ್ಲಿಷಿನ ಭಯವಿದ್ದಾಗ ಮಗು ತನಗೆ ಬರುವ ವಾಕ್ಯವನ್ನು ಬರೆಯುತ್ತದೆಯೇ ಹೊರತು ತಾನು ಕಂಡದ್ದನ್ನಲ್ಲ. ವಿಷಯ ಕೈಗೆ ಸಿಕ್ಕ ಮೇಲೆ ಸರಳ ಇಂಗ್ಲಿಷ್ ಸಾಕು.

ತಾಯೀ, ನಿಮ್ಮ ಮಗಳಿಗೆ ಈ ಪ್ರಶ್ನೆಗಳನ್ನು ಕೊಟ್ಟು ನೋಡಿ.

ಆಲೂರಿನವಳು

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಇಂಗ್ಲೆಂಡಿನಲ್ಲಿ ಓದಿದವಳು, ಅಲ್ಲಿಗೂ ಅರ್ಜಿ ಹಾಕೋ ಯೋಚನೆ ಇದ್ರೆ ಗಮನಿಸಿ, ಅಲ್ಲಿನ ಪದ್ಧತಿ ಪೂರ್ತಿ ಬೇರೆ. ಯುಕಾಸ್ ಅಂದ್ರೆ ಅಲ್ಲಿನ ಯೂನಿವರ್ಸಿಟಿಗಳಿಗೆ ಒಂದೇ ಕಡೆ ಅರ್ಜಿ ಹಾಕೋ ವ್ಯವಸ್ಥೆ, ಅದರ ಪರ್ಸನಲ್ ಸ್ಟೇಟ್‌ಮೆಂಟಿಗೆ ಖಾಲಿ ಜಾಗವೂ ಸೇರಿ 4000 ಅಕ್ಷರ. 2026ರಲ್ಲಿ ಸೇರುವವರಿಂದ ಶುರುವಾಗಿ ಅದನ್ನ ಮೂರು ಪ್ರಶ್ನೆಯಾಗಿ ಒಡೆದಿದ್ದಾರೆ: ಈ ಕೋರ್ಸ್ ಯಾಕೆ, ಇದುವರೆಗಿನ ಓದು ಅದಕ್ಕೆ ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ತಯಾರಿ ಮಾಡ್ಕೊಂಡಿದ್ದೀರಿ. ಒಂದೊಂದಕ್ಕೆ ಕನಿಷ್ಠ 350 ಅಕ್ಷರ. ಅಲ್ಲಿ ಅಜ್ಜ, ತೋಟ, ಬಾಲ್ಯಕ್ಕಿಂತ ವಿಷಯದ ಮೇಲಿನ ಹಿಡಿತ ಮುಖ್ಯ. ಒಂದೇ ಸ್ಟೇಟ್‌ಮೆಂಟ್ ಎಲ್ಲ ಯೂನಿವರ್ಸಿಟಿಗೂ ಹೋಗುತ್ತೆ, ಹಾಗಾಗಿ ಯಾವುದೇ ಯೂನಿವರ್ಸಿಟಿ ಹೆಸರು ಹಾಕೋ ಹಾಗಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಆದ್ರೆ ಅಕ್ಟೋಬರ್ 15ಕ್ಕೇ ಕೊನೆ.

ಕತೆ ಕಟ್ಟೋದರ ಬಗ್ಗೆ ಒಂದು ಸಂಗತಿ. 2007ರಲ್ಲಿ ಯುಕಾಸ್‌ನವರು ಅರ್ಜಿಗಳನ್ನ ಹೋಲಿಸಿ ನೋಡಿದಾಗ 234 ಜನ ಎಂಟನೇ ವಯಸ್ಸಲ್ಲಿ ಕೆಮಿಸ್ಟ್ರಿ ಪ್ರಯೋಗ ಮಾಡ್ತಾ ಪೈಜಾಮಕ್ಕೆ ತೂತು ಬೀಳೋ ಹಾಗೆ ಸುಟ್ಟುಕೊಂಡೆ, ಅಲ್ಲಿಂದ ವಿಜ್ಞಾನದ ಆಸಕ್ತಿ ಹುಟ್ಟಿತು ಅಂತ ಬರೆದಿದ್ರಂತೆ. ಎಲ್ಲರೂ ಒಂದೇ ಮಾದರಿ ನೋಡಿ ಬರೆದವರು. ಈಗ ಪ್ರತಿಯೊಂದನ್ನೂ ಸಾಫ್ಟ್‌ವೇರ್‌ಗೆ ಹಾಕಿ ಹೋಲಿಸ್ತಾರೆ. ನಿಮಗೆ ಆನೆ ಕತೆ ಬರೆದುಕೊಟ್ಟವರು ಮಲೆನಾಡಿನ ಇನ್ನೆಷ್ಟು ಮಕ್ಕಳಿಗೆ ಅದೇ ಆನೆ ಕೊಟ್ಟಿದ್ದಾರೋ ಯಾರಿಗೆ ಗೊತ್ತು.

ಬೇಲೂರು ರಸ್ತೆ

ಡಬ್ಬದ ಲೆಕ್ಕ ಓದಿ ನನಗೂ ಯೋಚನೆಗೆ ಹಚ್ಚಿತು. ಇನ್ನೊಂದು ಕೇಳ್ತೀನಿ. ನನ್ನ ತಮ್ಮ ತೀರಿಕೊಂಡ ಮೇಲೆ ಅವನ ಮಗ ನಮ್ಮನೇಲೇ ಬೆಳೀತಿದ್ದಾನೆ. ಅವನಿಗೆ ಕಷ್ಟ ನಿಜವಾಗಿಯೂ ಇದೆ, ಕಟ್ಟಿದ್ದಲ್ಲ. ಅದನ್ನ ಬರೆಯಲಿ ಅಂದ್ರೆ ಹುಡುಗ ಸುತರಾಂ ಒಪ್ಪಲ್ಲ. ನನ್ನ ಅಪ್ಪನ ವಿಷಯ ಯಾರಿಗೂ ಹೇಳಲ್ಲ ಅಂತಾನೆ. ಹೇಳಿದ್ರೆ ಅವನಿಗೆ ಅನುಕೂಲ ಆಗಲ್ವಾ?

ಕೊಪ್ಪದ ಹುಡುಗ

ಅಣ್ಣಾ, ಅವನು ಬೇಡ ಅಂದ್ರೆ ಬೇಡ. ಇಷ್ಟು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಕಷ್ಟ ಬರೆದವರಿಗೆಲ್ಲ ಸೀಟು ಸಿಗುತ್ತೆ ಅನ್ನೋದು ಕನ್ಸಲ್ಟೆನ್ಸಿಗಳು ಹಬ್ಬಿಸಿದ ಮಾತು. ಮನೆ ಪರಿಸ್ಥಿತಿ ಕಾಲೇಜಿಗೆ ತಿಳಿಯಬೇಕು ಅಂದ್ರೆ ಅರ್ಜಿಯಲ್ಲೇ ಬೇರೆ ಜಾಗ ಇದೆ. ತಂದೆ ಇಲ್ಲ, ದೊಡ್ಡಪ್ಪನ ಮನೇಲಿದ್ದೀನಿ ಅಂತ ಎರಡು ಸಾಲು ಅಲ್ಲಿ ಹಾಕಿದ್ರೆ ಮುಗೀತು. ಪ್ರಿನ್ಸಿಪಾಲರು ತಮ್ಮ ಪತ್ರದಲ್ಲೂ ಹೇಳಬಹುದು. ಎಸ್ಸೇಯಲ್ಲಿ ಅವನು ತನಗೆ ಖುಷಿ ಕೊಡೋದನ್ನ ಬರೆಯಲಿ. ಕಷ್ಟದಲ್ಲಿ ಬೆಳೆದ ಹುಡುಗನಿಗೆ ಕಷ್ಟ ಬಿಟ್ಟು ಇನ್ನೇನೂ ಇಲ್ಲ ಅಂತ ಅಂದ್ಕೊಳ್ಳೋದೇ ಅನ್ಯಾಯ.

ದುಡ್ಡಿನ ವಿಷಯನೂ ಸೇರಿಸ್ತೀನಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆಮ್ಹರ್ಸ್ಟ್ ಇವೆಲ್ಲ ಹೊರದೇಶದವರಿಗೂ ನೀಡ್-ಬ್ಲೈಂಡ್. ಅಂದ್ರೆ ನೀವು ಫೀಸಿಗೆ ಸಹಾಯ ಕೇಳಿದ್ರಿ ಅನ್ನೋ ಕಾರಣಕ್ಕೆ ಸೀಟು ತಪ್ಪೋದಿಲ್ಲ, ಸೇರಿಸಿಕೊಂಡ್ರೆ ಬೇಕಾದಷ್ಟು ಸಹಾಯನೂ ಕೊಡ್ತಾರೆ. ಸಿಗೋದು ತುಂಬಾ ಕಷ್ಟ, ಅದನ್ನ ಮುಚ್ಚಿಡಲ್ಲ. ಬೇರೆ ಬಹಳಷ್ಟು ಕಾಲೇಜುಗಳಲ್ಲಿ ಸಹಾಯ ಕೇಳಿದ್ದನ್ನೂ ತೂಗಿ ನೋಡ್ತಾರೆ. ಆದಾಯದ ಲೆಕ್ಕ ಬಹಳಷ್ಟು ಕಡೆ ಸಿಎಸ್ಎಸ್ ಪ್ರೊಫೈಲ್ ಅನ್ನೋ ಬೇರೆ ಫಾರಂನಲ್ಲಿ ಹೋಗುತ್ತೆ, ಎಸ್ಸೇಯಲ್ಲಿ ಬಡತನ ತೋರಿಸಿ ಸ್ಕಾಲರ್‌ಶಿಪ್ ಕೇಳೋ ಅಗತ್ಯ ಇಲ್ಲ.

ಸಕಲೇಶಪುರದ ಅಮ್ಮ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಕನ್ಸಲ್ಟೆನ್ಸಿಗೆ ಆ ಎಸ್ಸೇ ಬೇಡ ಅಂತ ಹೇಳಿಬಿಟ್ವಿ. ಮಗಳು ವಾರದ ಕೊನೆಗೆ ಮನೆಗೆ ಬಂದಾಗ ಮೇಷ್ಟ್ರ ಪ್ರಶ್ನೆ ಕೊಟ್ಟೆ. ಅವಳು ಬರೆದದ್ದರಲ್ಲಿ ಒಂದು ಭಾಗವನ್ನ ಅವಳ ಒಪ್ಪಿಗೆ ತಗೊಂಡೇ ಹಾಕ್ತಿದ್ದೀನಿ:

"ನಮ್ಮ ತಾತ ದಿನಾ ಬೆಳಿಗ್ಗೆ ಅಂಗಳದ ಮಳೆ ಮಾಪಕ ನೋಡಿ ಪುಸ್ತಕದಲ್ಲಿ ಬರೀತಾರೆ. ಇಂಚು, ಸೆಂಟು. ಪಕ್ಕದ ತೋಟದವರು ಫೋನ್ ಮಾಡಿ ನಿಮ್ಮಲ್ಲಿ ಎಷ್ಟು ಅಂತ ಕೇಳ್ತಾರೆ. ಎರಡು ವರ್ಷದಿಂದ ಯಾವಾಗಲೂ ನಮ್ಮದೇ ಕಮ್ಮಿ. ನಡುವೆ ಒಂದು ಬೇಲಿ ಮಾತ್ರ ಇರೋದು. ತಾತ ಗಾಳಿ ಅಂದರು. ನಾನು ಮಾಪಕದ ಪಕ್ಕ ನೇರ ಗೋಡೆಯ ಒಂದು ಡಬ್ಬಿ ಇಟ್ಟು ಸ್ಕೇಲಿನಿಂದ ಅಳೆದೆ. ಡಬ್ಬಿಯಲ್ಲಿ ಹೆಚ್ಚಿತ್ತು. ಆಮೇಲೆ ನೋಡಿದರೆ ಮಾಪಕದ ಬಾಯಿ ಸರಿಯಾದ ದುಂಡಗಿರಲಿಲ್ಲ. ಸಿಲ್ವರ್ ಓಕ್ ಕೊಂಬೆ ಬಿದ್ದು ಒಂದು ಕಡೆ ಒತ್ತಿಹೋಗಿತ್ತು. ಬಾಯಿ ಕಿರಿದಾದರೆ ಒಳಗೆ ಬೀಳುವ ನೀರೂ ಕಮ್ಮಿ. ಎಷ್ಟು ಕಮ್ಮಿ ಅಂತ ಲೆಕ್ಕ ಹಾಕಿ, ಹಳೇ ಪುಟಗಳನ್ನೆಲ್ಲ ತಿದ್ದೋಣ ಅಂದೆ. ತಾತ ಪುಸ್ತಕ ಕೊಡಲಿಲ್ಲ. ಅವತ್ತು ಕಂಡದ್ದು ಅಷ್ಟು, ಅದನ್ನ ಬರೆದಿದ್ದೀನಿ, ನಿನ್ನ ಲೆಕ್ಕ ಬೇಕಾದ್ರೆ ಪಕ್ಕದಲ್ಲಿ ಬೇರೆ ಪೆನ್ನಲ್ಲಿ ಬರಿ ಅಂದರು. ಕೊಂಬೆ ಯಾವ ದಿನ ಬಿತ್ತು ಅಂತ ಇಬ್ಬರಿಗೂ ಗೊತ್ತಿಲ್ಲ. ಹಾಗಾಗಿ ಯಾವ ಪುಟದಿಂದ ಶುರು ಮಾಡಬೇಕು ಅನ್ನೋದೇ ಈಗ ಪ್ರಶ್ನೆ. ಇದರಿಂದ ನಾನು ಪ್ರಾಮಾಣಿಕತೆ, ತಾಳ್ಮೆ ಮತ್ತು ವೈಜ್ಞಾನಿಕ ಮನೋಭಾವದ ಮಹತ್ವವನ್ನು ಕಲಿತೆನು."

ಇದು ಸಾಕಾ? ತೀರಾ ಚಿಕ್ಕ ವಿಷಯ ಅನ್ನಿಸಲ್ವಾ? ಅವಳ ಅಪ್ಪನಿಗೆ ಇದರಲ್ಲಿ ಏನಿದೆ ಅಂತ ಅನುಮಾನ.

ಹಾಸನದ ಇಂಗ್ಲಿಷ್ ಮೇಷ್ಟ್ರು

ಸಾಕಾ ಎಂದು ಕೇಳುತ್ತೀರಲ್ಲಮ್ಮ, ಓದಿ ನನಗೆ ಎದ್ದು ಓಡಾಡುವಂತಾಯಿತು. ಈ ಹುಡುಗಿಗೆ ಅನುಮಾನ ಪಡುವುದು ಗೊತ್ತು, ಅದನ್ನು ಪರೀಕ್ಷೆಗೆ ಒಡ್ಡುವುದು ಗೊತ್ತು, ಹಿರಿಯರ ಮಾತಿಗೆ ಎದುರು ನಿಂತೂ ಅವರ ಮಾತಿನ ತೂಕ ಅಳೆಯುವುದು ಗೊತ್ತು. ಇದಕ್ಕಿಂತ ಇನ್ನೇನು ಬೇಕು? ಕೊನೆಯ ವಾಕ್ಯವನ್ನು ಮಾತ್ರ ಹೊಡೆದುಹಾಕಲಿ. "ಕಲಿತೆನು" ಎನ್ನುವುದು ನಾವು ಕಲಿಸಿದ ಉಪಸಂಹಾರ. ಓದುವವರಿಗೆ ಅದು ಆಗಲೇ ಕಂಡಿದೆ. ಯಾವ ಪುಟದಿಂದ ಶುರು ಮಾಡಬೇಕು ಎಂಬ ಪ್ರಶ್ನೆಯಿಂದ ಮುಂದೆ ಬರೆಯಲಿ, ಅವಳು ಆ ದಿನವನ್ನು ಹುಡುಕಲು ಏನೇನು ಮಾಡಿದಳು? ಪಕ್ಕದ ತೋಟದವರ ಪುಸ್ತಕ ಇಸಿದುಕೊಂಡು ಎರಡನ್ನೂ ದಿನದಿನಕ್ಕೆ ಹೋಲಿಸಿದಳೇ? ಹೋಲಿಸಿರದಿದ್ದರೆ ಈಗ ಹೋಲಿಸಲಿ, ಪ್ರಬಂಧಕ್ಕಾಗಿ ಅಲ್ಲ, ಅವಳ ಪ್ರಶ್ನೆಗಾಗಿ.

ಆಲೂರಿನವಳು

ಅಕ್ಕಾ, ಒಂದು ಸಣ್ಣ ಸಲಹೆ. ಇಂಚು ಸೆಂಟಿನ ಲೆಕ್ಕ ಹೊರಗಿನವರಿಗೆ ಗೊತ್ತಾಗಲ್ಲ, ನೂರು ಸೆಂಟಿಗೆ ಒಂದು ಇಂಚು ಅಂತ ಒಂದೇ ಸಲ ಹೇಳಿ ಮುಂದೆ ಹೋಗಲಿ. ಮತ್ತೆ ಕಾಫಿ ತೋಟದಲ್ಲಿ ಮಳೆ ಲೆಕ್ಕ ಯಾಕೆ ಮುಖ್ಯ ಅನ್ನೋದೂ ಎರಡು ಸಾಲು ಬೇಕು. ಫೆಬ್ರವರಿ, ಮಾರ್ಚಿನ ಹೂಮಳೆ ಸಾಕಷ್ಟು ಬರದಿದ್ರೆ ಹೂವು ಸರಿಯಾಗಿ ಅರಳಲ್ಲ, ಹೂವು ಅರಳಿದ ಮೇಲೆ ಹಿಂಬಾಲಿಸಿ ಇನ್ನೊಂದು ಮಳೆ ಬರದಿದ್ರೆ ಕಾಯಿ ನಿಲ್ಲಲ್ಲ. ಆಗ ಕೆಲವು ಸೆಂಟಿನ ವ್ಯತ್ಯಾಸಕ್ಕೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅಂತ ತೀರ್ಮಾನ ಆಗೋದು. ಇದು ಗೊತ್ತಾದ್ರೆ ಒತ್ತಿಹೋದ ಮಾಪಕ ಚಿಕ್ಕ ವಿಷಯ ಅಂತ ಯಾರೂ ಅನ್ನಲ್ಲ.

ಕಡೂರು

ಒಂದು ಪ್ರಶ್ನೆ. ಕನ್ನಡದಲ್ಲಿ ಬರೆದು ಚಾಟ್‌ಜಿಪಿಟಿಗೆ ಹಾಕಿದ್ರೆ ಚೆನ್ನಾಗಿ ಇಂಗ್ಲಿಷ್ ಮಾಡಿಕೊಡುತ್ತಲ್ಲ, ಕನ್ಸಲ್ಟೆನ್ಸಿಗೆ ದುಡ್ಡು ಯಾಕೆ? ಇನ್ನೊಂದು, ನನ್ನ ಮಗ ದೇಶದಲ್ಲೇ ಓದೋದು, ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಗೆ ನೋಡ್ತಿದ್ದೀವಿ. ಅಲ್ಲೂ ಹೀಗೆ ಬರೀಬೇಕಾ?

ಕೊಪ್ಪದ ಹುಡುಗ

ಕಾಮನ್ ಆ್ಯಪ್‌ನವರು ಎಐ ಬರೆದುಕೊಟ್ಟದ್ದನ್ನ ತನ್ನದು ಅಂತ ಕಳಿಸೋದನ್ನ ವಂಚನೆ ಅಂತಲೇ ನಿಯಮದಲ್ಲಿ ಸೇರಿಸಿದ್ದಾರೆ. ಯುಕಾಸ್‌ನಲ್ಲೂ ಇದು ನನ್ನದೇ ಅಂತ ಒಪ್ಪಿಕೊಂಡೇ ಸಲ್ಲಿಸಬೇಕು. ಕಾಗುಣಿತ ನೋಡಿಕೊಳ್ಳೋದು, ಒಂದು ಪದಕ್ಕೆ ಇಂಗ್ಲಿಷ್ ಹುಡುಕೋದು ಬೇರೆ, ಇಡೀ ಪ್ಯಾರಾ ಮಾಡಿಸೋದು ಬೇರೆ. ನಿಯಮ ಪಕ್ಕಕ್ಕಿಡಿ, ಆ ಹುಡುಗಿಯ ತಾತನ ಮಾತನ್ನ ಅದಕ್ಕೆ ಹಾಕಿ ನೋಡಿ, ಬೇರೆ ಯಾರೋ ತಾತ ವಾಪಸ್ ಬರ್ತಾರೆ. ಸ್ವಲ್ಪ ಒರಟಾಗಿದ್ರೂ ಅವಳದೇ ಇಂಗ್ಲಿಷ್ ಇರಲಿ.

ಅಜೀಂ ಪ್ರೇಮ್‌ಜಿಯಲ್ಲಿ ಪ್ರವೇಶ ಪರೀಕ್ಷೆ, ಆಮೇಲೆ ಇಂಟರ್‌ವ್ಯೂ. ಮನೆ ಆದಾಯ ನೋಡಿ ಫೀಸು ವಿನಾಯಿತಿ ಕೊಡ್ತಾರೆ, ಅದಕ್ಕೆ ಕಾಗದಪತ್ರ ಮುಂಚೆನೇ ಸರಿ ಮಾಡಿಟ್ಕೊಳ್ಳಿ. ಇಂಟರ್‌ವ್ಯೂಗೆ ಮೇಷ್ಟ್ರ ಪ್ರಶ್ನೆಗಳೇ ಒಳ್ಳೆ ತಯಾರಿ. ಸೋನಿಪತ್‌ನ ಅಶೋಕ ಯೂನಿವರ್ಸಿಟಿಗೆ ಆದ್ರೆ ಅರ್ಜಿಯಲ್ಲೇ ಪ್ರಬಂಧ ಇರುತ್ತೆ.

ಸಕಲೇಶಪುರದ ಅಮ್ಮ

ಮೇಷ್ಟ್ರೇ, ನಿಮ್ಮ ಮಾತನ್ನ ಅವಳಿಗೆ ಓದಿ ಹೇಳಿದೆ. ಕೊನೆ ಸಾಲು ಆಗಲೇ ಹೊಡೆದಳು. ಪಕ್ಕದ ತೋಟದವರು ಪುಸ್ತಕ ಕೊಡೋಕೆ ಒಪ್ಪಿದ್ದಾರೆ. ಕೊಪ್ಪದ ತಮ್ಮಾ, ಒಂದು ಕೊನೇ ಸಂದೇಹ. ಅರ್ಜಿಯಲ್ಲಿ ಸ್ಕೂಲ್ ಕೌನ್ಸೆಲರ್ ಪತ್ರ ಬೇಕು ಅಂತಿದೆ. ಅವಳ ಕಾಲೇಜಿನಲ್ಲಿ ಅಂಥವರು ಯಾರೂ ಇಲ್ಲ.

ಕೊಪ್ಪದ ಹುಡುಗ

ಪ್ರಿನ್ಸಿಪಾಲರೇ ಕೌನ್ಸೆಲರ್ ಜಾಗದಲ್ಲಿ ಬರಬಹುದು ಅಕ್ಕಾ, ನನಗೂ ಅವರೇ ಮಾಡಿದ್ದು. ಅವರ ಇಮೇಲ್ ಹಾಕಿದ್ರೆ ಒಂದು ಲಿಂಕ್ ಹೋಗುತ್ತೆ, ಪತ್ರ ಮತ್ತೆ ಅಂಕಪಟ್ಟಿ ಅವರೇ ಅಪ್‌ಲೋಡ್ ಮಾಡಬೇಕು, ಮಗಳು ಮಾಡೋ ಹಾಗಿಲ್ಲ. ಒಂಬತ್ತನೇ ಕ್ಲಾಸಿನಿಂದ ಅಂಕಪಟ್ಟಿ ಕೇಳ್ತಾರೆ, ಹೈಸ್ಕೂಲಿಗೆ ಹೋಗಿ ಒಂಬತ್ತನೇದು ತರಿಸಿಡಿ, ಎಸ್ಸೆಸ್ಸೆಲ್ಸಿ ಮತ್ತೆ ಫಸ್ಟ್ ಪಿಯುಸಿ ಮನೇಲೇ ಇರುತ್ತಲ್ಲ. ಸೆಕೆಂಡ್ ಪಿಯುಸಿ ಪರೀಕ್ಷೆ ಆಗೋದು ಮಾರ್ಚಿಗೆ, ಹಾಗಾಗಿ ಕಾಲೇಜಿನ ಮಧ್ಯಂತರ ಪರೀಕ್ಷೆಯ ಅಂಕ ಕಳಿಸ್ತಾರೆ. ಜೊತೆಗೆ ಒಬ್ಬಿಬ್ಬರು ಲೆಕ್ಚರರ್ ಪತ್ರ ಬೇಕು, ಹೆಚ್ಚು ಅಂಕ ಕೊಟ್ಟವರನ್ನಲ್ಲ, ಅವಳು ಕ್ಲಾಸಲ್ಲಿ ಪ್ರಶ್ನೆ ಕೇಳಿದ್ದು ನೆನಪಿರೋರನ್ನ ಕೇಳಲಿ. ಅರ್ಲಿ ಅರ್ಜಿಗೆ, ಅಂದ್ರೆ ಎಲ್ಲರಿಗಿಂತ ಮುಂಚೆ ಹಾಕೋ ಸುತ್ತಿಗೆ, ಬಹಳಷ್ಟು ಕಡೆ ನವೆಂಬರ್ 1 ಕೊನೆ. ದಸರಾ ರಜೆ ಶುರುವಾದ್ರೆ ಕಾಲೇಜಲ್ಲಿ ಯಾರೂ ಸಿಗಲ್ಲ, ಅದಕ್ಕೆ ಮುಂಚೆನೇ ನೀವೂ ಜೊತೆಗೆ ಹೋಗಿ ಪ್ರಿನ್ಸಿಪಾಲರ ಹತ್ರ ಕೂತು ಆ ಲಿಂಕ್ ಒಂದ್ಸಲ ತೆರೆದು ತೋರಿಸಿ.